ಕಲಬುರಗಿಯ ನಮ್ಮ ಕಂಪನಿಗೆ ಮೊದಲ ಪ್ರಾಡಕ್ಟ್ ಮ್ಯಾನೇಜರ್ ಬೇಕು: ಹೊರಗಿಂದ ತರೋದಾ, ಒಳಗಿನವರನ್ನೇ ಕೂರಿಸೋದಾ?

ಗಂಜ್‌ಲೆಕ್ಕ · ಡಿಸೆಂಬರ್ 1

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ. ಪೂರ್ತಿ ಓದಿ ಸಲಹೆ ಕೊಡಿ.

ನಮ್ಮದು ಕಲಬುರಗಿಯಲ್ಲೇ ಇರುವ ಸಾಫ್ಟ್‌ವೇರ್ ಕಂಪನಿ. ಶುರು ಮಾಡಿದ ಇಬ್ಬರಲ್ಲಿ ನಾನೊಬ್ಬ. ದಾಲ್ ಮಿಲ್‌ಗಳಿಗೆ ಮತ್ತು ಗಂಜ್‌ನ (ಧಾನ್ಯದ ಮಾರುಕಟ್ಟೆಯ) ಅಡತ್ ಅಂಗಡಿಗಳಿಗೆ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವವರಿಗೆ, ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ರೈತರ ಮಾಲು ಬಂದರೆ ತೂಕ, ಹಮಾಲಿ, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ), ಉದ್ರಿ, ಜಿಎಸ್‌ಟಿ ಬಿಲ್, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ದಾಖಲೆ) ಎಲ್ಲ ಅದರಲ್ಲೇ ಆಗುತ್ತದೆ.

ಮೊದಲು 6 ಜನ ಇದ್ದೆವು. ಒಂದೇ ರೂಮು. ಬೆಳಿಗ್ಗೆ ನಾನು ಗಂಜ್‌ಗೆ ಹೋಗಿ ಬರುತ್ತಿದ್ದೆ, ಅಲ್ಲಿ ಕೇಳಿದ್ದನ್ನು ಬಂದು ಹೇಳುತ್ತಿದ್ದೆ, ಸಂಜೆಯೊಳಗೆ ಕೆಲಸ ಆಗಿರುತ್ತಿತ್ತು. ಈಗ 38 ಜನ ಇದ್ದೇವೆ. ನಾನೊಂದು ಹೇಳುತ್ತೇನೆ, ನನ್ನ ಪಾಲುದಾರರು ಇನ್ನೊಂದು ಹೇಳುತ್ತಾರೆ, ಸೇಲ್ಸ್‌ನವರು ಗ್ರಾಹಕರಿಗೆ ಮತ್ತೊಂದು ಮಾತು ಕೊಟ್ಟು ಬಂದಿರುತ್ತಾರೆ. ಡೆವಲಪರ್‌ಗಳು ಮಧ್ಯದಲ್ಲಿ ನಿಂತು "ಯಾವುದು ಮೊದಲು ಸರ್?" ಎಂದು ಕೇಳುತ್ತಾರೆ. ಕಳೆದ ತಿಂಗಳು ಮೂರು ಕೆಲಸಗಳನ್ನು ಅರ್ಧಕ್ಕೇ ಕೈಬಿಟ್ಟೆವು.

ಮೊನ್ನೆ ಒಬ್ಬ ಒಳ್ಳೆಯ ಎಂಜಿನಿಯರ್ ಹೈದರಾಬಾದ್‌ಗೆ ಹೋದ. ಸಂಬಳ ಜಾಸ್ತಿ ಸಿಕ್ಕಿತು, ಅದು ಸರಿ. ಆದರೆ ಹೋಗುವಾಗ ಹೇಳಿದ ಮಾತು ಇನ್ನೂ ಕೊರೆಯುತ್ತಿದೆ. "ಸರ್, ನಾನು ಎರಡು ವರ್ಷ ಮಾಡಿದ್ದರಲ್ಲಿ ಅರ್ಧ ಯಾರೂ ಬಳಸಲೇ ಇಲ್ಲ."

ಈಗ ಎಲ್ಲರೂ ಪ್ರಾಡಕ್ಟ್ ಮ್ಯಾನೇಜರ್ ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಬೆಂಗಳೂರಿನಿಂದ ಅನುಭವ ಇರುವವರನ್ನು ಕರೆತರಬೇಕಾ? ನಮ್ಮಲ್ಲೇ ಸಪೋರ್ಟ್ ನೋಡಿಕೊಳ್ಳುವ ಒಬ್ಬರಿದ್ದಾರೆ, ಗ್ರಾಹಕರ ನಾಡಿ ಚೆನ್ನಾಗಿ ಬಲ್ಲರು. ಅವರಾಗಬಹುದಾ? ಬಂದವರಿಗೆ ಯಾವ ಅಧಿಕಾರ ಕೊಡಬೇಕು?

ಸೇಡಂರೋಡ್ · ಡಿಸೆಂಬರ್ 1

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಕಡೆ ಪ್ರಾಡಕ್ಟ್ ಮ್ಯಾನೇಜರ್, ಪ್ರಾಜೆಕ್ಟ್ ಮ್ಯಾನೇಜರ್ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಕೇಳುವುದು "ಇದು ಯಾವಾಗ ಮುಗಿಯುತ್ತದೆ?" ಪ್ರಾಡಕ್ಟ್ ಮ್ಯಾನೇಜರ್ ಕೇಳುವುದು "ಇದು ಯಾರಿಗೆ ಬೇಕು? ಯಾಕೆ ಬೇಕು? ಇದೇ ಯಾಕೆ ಮೊದಲು?" ನಿಮ್ಮ ಡೆವಲಪರ್‌ಗಳು ಕೇಳುತ್ತಿರುವುದು ಎರಡನೆಯ ಪ್ರಶ್ನೆ. ಅದಕ್ಕೆ ದಿನಾಂಕ ಬರೆದ ಚಾರ್ಟ್ ಉತ್ತರ ಅಲ್ಲ.

ಈ ಕೆಲಸ ಸಾಫ್ಟ್‌ವೇರ್‌ನಲ್ಲಿ ಹುಟ್ಟಿದ್ದಲ್ಲ, ಸೋಪಿನಲ್ಲಿ ಹುಟ್ಟಿದ್ದು. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ನೀಲ್ ಮೆಕೆಲ್ರಾಯ್ ಎಂಬ ಯುವಕ ಒಂದು ಟಿಪ್ಪಣಿ ಬರೆದರು. ಅವರು ನೋಡಿಕೊಳ್ಳುತ್ತಿದ್ದದ್ದು ಕ್ಯಾಮೇ ಸೋಪು. ಬೇರೆ ಕಂಪನಿಗಳ ಸೋಪಿನ ಜೊತೆ ಪೈಪೋಟಿ ಇತ್ತು, ಜೊತೆಗೆ ತಮ್ಮದೇ ಕಂಪನಿಯ ಐವರಿ ಸೋಪಿನ ನೆರಳೂ ಇತ್ತು. ಒಂದೊಂದು ಬ್ರ್ಯಾಂಡಿಗೂ ಒಬ್ಬ ಹೊಣೆಗಾರ ಇರಲಿ, ಮಾರಾಟ ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಅವನೇ ಹೋಗಲಿ, ಅಂಗಡಿಯವರನ್ನೂ ಬಳಸುವವರನ್ನೂ ಕಂಡು ಕಾರಣ ತಿಳಿಯಲಿ ಎಂಬುದು ಅದರ ಸಾರ. ಅದೇ ಮನುಷ್ಯ 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಆದರು. ಅದು ಬೇರೆ ಮಾತು.

ನೀವು 6 ಜನ ಇದ್ದಾಗ ಬೆಳಿಗ್ಗೆ ಗಂಜ್‌ಗೆ ಹೋಗಿ ಬರುತ್ತಿದ್ದಿರಲ್ಲ, ಅದೇ ಈ ಕೆಲಸ. ಅದನ್ನು ನೀವು ಬಿಟ್ಟಿರಿ, ಬೇರೆ ಯಾರೂ ಎತ್ತಿಕೊಳ್ಳಲಿಲ್ಲ.

ರಾಜಾಪುರಕೋಡರ್ · ಡಿಸೆಂಬರ್ 2

ಹಿಂದೆ ನಾನಿದ್ದ ಒಂದು ಕಂಪನಿಯ ಕತೆ ಹೇಳುತ್ತೇನೆ. ಹೆಸರು ಬೇಡ. ಬೆಂಗಳೂರಿನಿಂದ ಪ್ರಾಡಕ್ಟ್ ಮ್ಯಾನೇಜರ್ ಬಂದರು. ಬುದ್ಧಿವಂತರು, ಒಳ್ಳೆಯವರು. ಮೊದಲ ತಿಂಗಳು ಎಲ್ಲರನ್ನೂ ಮಾತಾಡಿಸಿ ಒಂದು ಪಟ್ಟಿ ಮಾಡಿದರು. ನಮಗೆಲ್ಲ ಖುಷಿಯಾಯಿತು, ಇನ್ನು ಒಂದು ದಾರಿಗೆ ಬರುತ್ತೇವೆ ಅಂತ.

ಎರಡನೇ ತಿಂಗಳು ಮಾಲೀಕರು ರಾತ್ರಿ ಹತ್ತಕ್ಕೆ ನನಗೆ ನೇರವಾಗಿ ಫೋನ್ ಮಾಡಿದರು. "ಇದೊಂದು ಸಣ್ಣ ಕೆಲಸ, ನಾಳೆಗೆ ಮಾಡಿಬಿಡು. ಅವರಿಗೆ ಆಮೇಲೆ ಹೇಳೋಣ." ನಾನು ಮಾಡಿದೆ. ಮಾಲೀಕರಿಗೆ ಇಲ್ಲ ಅನ್ನೋಕೆ ಆಗುತ್ತಾ? ನನ್ನ ಪಕ್ಕದವನಿಗೂ ಅದೇ ಥರ ಫೋನ್ ಬರುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಮೂರನೇ ತಿಂಗಳಿಗೆ ಆ ಪಟ್ಟಿ ಬರೀ ಕಾಗದ. ಐದನೇ ತಿಂಗಳು ಅವರು ಕೆಲಸ ಬಿಟ್ಟರು. ಆಫೀಸಿನಲ್ಲಿ ಎಲ್ಲರೂ "ಬೆಂಗಳೂರಿನವರಿಗೆ ನಮ್ಮೂರು ಒಗ್ಗಲ್ಲ" ಎಂದರು. ಅದು ಸುಳ್ಳು. ಅವರಿಗೆ ಊರು ಒಗ್ಗಿತ್ತು. ನಾವೇ ಅವರಿಗೆ ಕುರ್ಚಿ ಕೊಟ್ಟು ಕೆಲಸ ಕೊಡಲಿಲ್ಲ.

ನಾನೂ ಅದರಲ್ಲಿ ಪಾಲುದಾರ. ಒಂದು ಸಲವಾದರೂ "ಸರ್, ಅವರನ್ನು ಕೇಳಿ ಮಾಡುತ್ತೇನೆ" ಎನ್ನಬೇಕಿತ್ತು. ಆ ಬೇಜಾರು ಇವತ್ತಿಗೂ ಇದೆ.

ಗಂಜ್‌ಲೆಕ್ಕ ಅವರೇ, ಯಾರನ್ನು ತರಬೇಕು ಎನ್ನುವುದಕ್ಕಿಂತ ಮುಂಚೆ, ರಾತ್ರಿ ಹತ್ತರ ಆ ಫೋನ್ ನಿಲ್ಲಿಸೋಕೆ ನೀವಿಬ್ಬರೂ ತಯಾರಿದ್ದೀರಾ ಹೇಳಿ.

ಬೀದರ್‌ಬಿದ್ರಿ · ಡಿಸೆಂಬರ್ 2

ನಾನು ಬೀದರ್‌ನಲ್ಲಿ ಮನೆಯಿಂದಲೇ ಕೆಲಸ ಮಾಡುವ ಪ್ರಾಡಕ್ಟ್ ಮ್ಯಾನೇಜರ್. ಒಂಬತ್ತು ವರ್ಷ ಆಯಿತು. ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ.

ಸಪೋರ್ಟ್ ನೋಡಿಕೊಳ್ಳುವವರನ್ನೇ ಮಾಡಿ ಎಂಬುದು ನನ್ನ ಸಲಹೆ. ನಿಮ್ಮ ವ್ಯಾಪಾರದಲ್ಲಿ ಕಲಿಯಲು ಕಷ್ಟವಾದದ್ದು ಗಂಜ್, ಈ ಕೆಲಸದ ಸಲಕರಣೆಗಳಲ್ಲ. ಕೆಲಸಗಳ ಪಟ್ಟಿ ಇಡುವುದು, ಒಂದು ಪುಟದ ಟಿಪ್ಪಣಿ ಬರೆಯುವುದು, ಬಿಡುಗಡೆ ಆದ ಮೇಲೆ ಎಷ್ಟು ಜನ ಬಳಸಿದರು ಎಂದು ನೋಡುವುದು, ಇವನ್ನೆಲ್ಲ ಆರು ತಿಂಗಳಲ್ಲಿ ಕಲಿಸಬಹುದು. ಹಂಗಾಮಿನಲ್ಲಿ ಒಬ್ಬ ಮುನೀಮರು (ಅಂಗಡಿಯ ಲೆಕ್ಕ ಬರೆಯುವವರು) ಯಾಕೆ ಸಿಡಿಮಿಡಿ ಆಗುತ್ತಾರೆ ಎಂಬುದನ್ನು ಹೊರಗಿನವರು ತಿಳಿಯೋಕೆ ಎರಡು ಹಂಗಾಮು ಬೇಕು. ಹೊರಗಿನ ಅನುಭವ ಬೇಕೆನಿಸಿದರೆ ತಿಂಗಳಿಗೆ ಎರಡು ಸಲ ಒಬ್ಬರನ್ನು ಸಲಹೆಗೆ ಇಟ್ಟುಕೊಳ್ಳಿ, ಸಾಕು.

ಇನ್ನೊಂದು ಕೆಲಸ ಈ ವಾರವೇ ಮಾಡಿ. ತೊಗರಿ ಬರುವ ಕಾಲ ಇದು. ಇಂಟ್ಯೂಟ್ ಎಂಬ ಕಂಪನಿ ಗೊತ್ತಲ್ವಾ? 1983ರಲ್ಲಿ ಶುರುವಾದದ್ದು, ಮನೆ ಲೆಕ್ಕದ ಕ್ವಿಕನ್ ಎಂಬ ಸಾಫ್ಟ್‌ವೇರ್ ಮಾಡಿದ್ದು. ಅದರ ಸ್ಕಾಟ್ ಕುಕ್ ತಮ್ಮವರನ್ನು ಅಂಗಡಿಗೆ ಕಳಿಸುತ್ತಿದ್ದರು. ಕ್ವಿಕನ್ ಕೊಂಡವರನ್ನು ಕೇಳಿಕೊಂಡು ಅವರ ಮನೆಗೇ ಹೋಗಿ, ಡಬ್ಬಿ ಒಡೆದು ಕಂಪ್ಯೂಟರ್‌ಗೆ ಹಾಕಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಏನೂ ಹೇಳಿಕೊಡುವ ಹಾಗಿಲ್ಲ, ಸುಮ್ನೆ ನೋಡಬೇಕು. ನೀವೂ ಹಾಗೆ ಒಂದು ಅಡತ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತುಕೊಳ್ಳಿ. ಪ್ರಶ್ನೆ ಕೇಳಬೇಡಿ. ಕೈ ನೋಡಿ. ಮುನೀಮರ ಕೈ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ಅವರು ಏನಾದರೂ ಹೇಳಿದರೆ ಅದೇ ಮಾತಿನಲ್ಲಿ ಬರೆದುಕೊಳ್ಳಿ. ಕನ್ನಡವೋ ಉರ್ದುವೋ ಮರಾಠಿಯೋ, ಹೇಗೆ ಹೇಳಿದರೋ ಹಾಗೆ. ಅದನ್ನು ಇಂಗ್ಲಿಷ್ ಟಿಕೆಟ್ (ಕಂಪ್ಯೂಟರಿನಲ್ಲಿ ದಾಖಲಿಸುವ ದೂರು) ಮಾಡಿದ ತಕ್ಷಣ ಅರ್ಧ ಸತ್ಯ ಸೋರಿಹೋಗುತ್ತದೆ.

ಶಹಾಬಾದ್‌ಕಲ್ಲು · ಡಿಸೆಂಬರ್ 3

ಇಷ್ಟೆಲ್ಲ ಯಾಕೆ? ಪ್ರತಿಯೊಂದು ಬೇಡಿಕೆಗೂ ಅಂಕ ಕೊಡಿ, ಜಾಸ್ತಿ ಅಂಕ ಬಂದದ್ದನ್ನು ಮೊದಲು ಮಾಡಿ. ರೈಸ್ (RICE) ಎಂಬ ಸೂತ್ರವೇ ಇದೆ. ಇಂಟರ್‌ಕಾಮ್ ಕಂಪನಿಯವರು ಮಾಡಿದ್ದು. ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ, ನಮಗೆಷ್ಟು ಖಾತ್ರಿ, ಈ ಮೂರನ್ನೂ ಗುಣಿಸಿ ಬೇಕಾದ ಶ್ರಮದಿಂದ ಭಾಗಿಸಬೇಕು. ಅಲ್ಲಿಗೆ ಜಗಳ ಮುಗಿಯಿತು.

ಬೀದರ್‌ಬಿದ್ರಿ · ಡಿಸೆಂಬರ್ 3

ಲಕ್ಷಗಟ್ಟಲೆ ಬಳಕೆದಾರರು ಇರುವ ಕಡೆ ಆ ಸೂತ್ರ ಉಪಯೋಗಕ್ಕೆ ಬರುತ್ತದೆ. ನಾನೂ ಬಳಸಿದ್ದೇನೆ. ಆದರೆ ಇವರ ಗ್ರಾಹಕರನ್ನು ಒಂದು ವಾರದಲ್ಲಿ ಫೋನ್ ಮಾಡಿಯೇ ಮುಗಿಸಬಹುದು. ಪರಿಣಾಮ 2 ಅಂತ ಬರೆಯುವುದೋ 3 ಅಂತ ಬರೆಯುವುದೋ ಎನ್ನುವುದು ಆ ರೂಮಿನಲ್ಲಿ ಯಾರ ದನಿ ದೊಡ್ಡದು ಎಂಬುದರ ಮೇಲೆ ನಿಂತಿರುತ್ತದೆ. ಖಾತ್ರಿ ಎಂಬ ಅಂಕವನ್ನು ಮಾತ್ರ ಉಳಿಸಿಕೊಳ್ಳಿ. "ಇದನ್ನು ನಾವು ಹೇಗೆ ಬಲ್ಲೆವು? ಕಣ್ಣಾರೆ ಕಂಡೆವಾ, ಯಾರೋ ಹೇಳಿದ್ದಾ, ನಮಗನ್ನಿಸಿದ್ದಾ?" ಪ್ರತಿ ಕೆಲಸದ ಮುಂದೆ ಈ ಮೂರರಲ್ಲಿ ಒಂದು ಬರೆಯಿರಿ.

ಮಿಲ್‌ಮನೆ · ಡಿಸೆಂಬರ್ 4

ನಾನು ಸಾಫ್ಟ್‌ವೇರ್ ಮಾಡುವವನಲ್ಲ, ಬಳಸುವವನು. ನಮ್ಮದು ದಾಲ್ ಮಿಲ್. ಗ್ರಾಹಕನ ಕಡೆಯಿಂದ ಒಂದು ಮಾತು ಹೇಳಬಹುದಾ?

2022ರ ಜೂನ್ ಕೊನೆಗೆ ಜಿಎಸ್‌ಟಿ ಮಂಡಳಿ ಸಭೆ ಆಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಬೇಳೆಗೆ 5% ತೆರಿಗೆ ಎಂದರು. ಜುಲೈ 18ರಿಂದ ಜಾರಿ. ಅದಕ್ಕೂ ಮೊದಲು ಬ್ರ್ಯಾಂಡ್ ಇದೆಯೋ ಇಲ್ಲವೋ ಎಂಬುದರ ಮೇಲೆ ತೆರಿಗೆ ನಿಂತಿತ್ತು. ಈಗ ಚೀಲದ ತೂಕ ಮುಖ್ಯವಾಯಿತು. 25 ಕೆಜಿ ಚೀಲಕ್ಕೆ ತೆರಿಗೆ ಇದೆ, 30 ಕೆಜಿ ಚೀಲಕ್ಕೆ ಇಲ್ಲ. ಆಗ ನಾವು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ (ಗಂಜ್‌ಲೆಕ್ಕ ಅವರದ್ದಲ್ಲ, ಬೇರೆಯವರದ್ದು) ಚೀಲದ ತೂಕ ಬರೆಯುವ ಜಾಗವೇ ಇರಲಿಲ್ಲ. ಬರೀ ಕ್ವಿಂಟಲ್. 18ನೇ ತಾರೀಖು ಬೆಳಿಗ್ಗೆ ಲಾರಿ ನಿಂತಿದೆ, ಬಿಲ್ ಆಗುತ್ತಿಲ್ಲ. ಅವರಿಗೆ ಫೋನ್ ಮಾಡಿದರೆ ಹೊಸ ಮೊಬೈಲ್ ಆ್ಯಪ್ ಕೆಲಸದಲ್ಲಿದ್ದೇವೆ, ಮುಗಿದ ಮೇಲೆ ನೋಡುತ್ತೇವೆ ಎಂದರು. ಹನ್ನೊಂದು ದಿನ ಕೈಯಲ್ಲಿ ಬಿಲ್ ಬರೆದೆವು.

ತೀರ್ಮಾನ ಆಗಿ ಜಾರಿಗೆ ಬರುವ ನಡುವೆ ಸುಮಾರು ಮೂರು ವಾರ ಇತ್ತು. ಪೇಪರಿನಲ್ಲೆಲ್ಲ ಬಂದಿತ್ತು. ಅವರ ಆಫೀಸಿನಲ್ಲಿ ಅದನ್ನು ಓದಿ "ಇದು ನಮ್ಮ ಮಿಲ್‌ನವರಿಗೆ ಪೆಟ್ಟು ಕೊಡುತ್ತದೆ" ಎನ್ನುವವರು ಒಬ್ಬರೂ ಇರಲಿಲ್ಲ. ಎಂಜಿನಿಯರ್‌ಗಳು ಚೆನ್ನಾಗಿದ್ದರು, ಸೇಲ್ಸ್‌ನವರೂ ಚೆನ್ನಾಗಿದ್ದರು. ಇದು ಯಾರ ಕೆಲಸ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷವೇ ನಾವು ಸಾಫ್ಟ್‌ವೇರ್ ಬದಲಾಯಿಸಿದೆವು.

ಸೇಡಂರೋಡ್ · ಡಿಸೆಂಬರ್ 4

ಇದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬೇಕು. ನಿಮ್ಮ ಹೊಸ ಪ್ರಾಡಕ್ಟ್ ಮ್ಯಾನೇಜರ್‌ಗೆ ಮೊದಲ ದಿನ ಇದನ್ನೇ ಓದಿಸಿ. ಜೊತೆಗೆ ತಂಡದ ಸಮಯವನ್ನು ಪೂರ್ತಿ ತುಂಬಿಬಿಡಬೇಡಿ. ತೆರಿಗೆ ವ್ಯವಹಾರ ಮುಟ್ಟುವ ಸಾಫ್ಟ್‌ವೇರ್‌ನಲ್ಲಿ ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ.

ಯಾದಗಿರಿಹುಡುಗಿ · ಡಿಸೆಂಬರ್ 5

ನಾನು ಬೇರೆ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಸಪೋರ್ಟ್ ಮಾಡುತ್ತಿದ್ದೇನೆ. ದಿನಕ್ಕೆ ಮೂವತ್ತು ನಲವತ್ತು ಫೋನ್. ಯಾವ ಬಟನ್ ಜನರಿಗೆ ಕಾಣಲ್ಲ, ಯಾವ ರಿಪೋರ್ಟ್ ಯಾರೂ ತೆರೆಯಲ್ಲ, ಎಲ್ಲ ಗೊತ್ತು. ಹೇಳಿದರೆ "ನೀನು ಟಿಕೆಟ್ ಹಾಕು" ಎನ್ನುತ್ತಾರೆ. ಹಾಕುತ್ತೇನೆ. ಅದು ಅಲ್ಲೇ ಇರುತ್ತದೆ.

ಸಪೋರ್ಟ್‌ನವರನ್ನು ಈ ಕೆಲಸಕ್ಕೆ ತರುವ ಯೋಚನೆ ಇದೆ ಎಂದು ಓದಿಯೇ ಖುಷಿಯಾಯಿತು. ಆದರೆ ಒಂದು ಭಯ ಹೇಳುತ್ತೇನೆ. ನನ್ನಂಥವರು ಹೇಳಿದ ಮಾತನ್ನು ಎಂಜಿನಿಯರ್‌ಗಳು ಕೇಳುತ್ತಾರಾ? ನನ್ನದು ಬಿಕಾಂ. ಸಂಬಳವೂ ಅವರಿಗಿಂತ ಕಡಿಮೆ. ಅವರ ಮುಂದೆ ನಿಂತು "ಇದು ಈಗ ಬೇಡ" ಎನ್ನಲು ಬಾಯಿ ಬರಬೇಕಲ್ಲ.

ರಾಜಾಪುರಕೋಡರ್ · ಡಿಸೆಂಬರ್ 5

ಕೇಳುತ್ತೇವೆ. ಡಿಗ್ರಿ ನೋಡಿ ಅಲ್ಲ. "ನಿನ್ನೆ ನಾನು ಅಂಗಡಿಯಲ್ಲಿ ಕೂತಿದ್ದೆ, ಹೀಗಾಯಿತು" ಎಂದು ಯಾರಾದರೂ ಹೇಳಿದರೆ ಅದಕ್ಕೆ ಎದುರಾಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಕೋಡ್ ಹೇಗೆ ಬರೆಯಬೇಕು ಎಂದು ಮಾತ್ರ ಹೇಳಬೇಡಿ. ತೊಂದರೆ ಏನು ಎಂದು ಹೇಳಿ, ಪರಿಹಾರ ನಮಗೆ ಬಿಡಿ. ಸಂಬಳದ ವಿಷಯದಲ್ಲಿ ನಿಮ್ಮ ಮಾತು ನ್ಯಾಯ. ಕೆಲಸ ಬದಲಾದ ದಿನವೇ ಸಂಬಳವೂ ಬದಲಾಗಬೇಕು.

ಗಂಜ್‌ಲೆಕ್ಕ · ಡಿಸೆಂಬರ್ 9

ಹೋಗಿ ಕೂತು ಬಂದೆ. ನಮ್ಮ ಸಪೋರ್ಟ್‌ನವರೂ ಜೊತೆಗೆ ಬಂದಿದ್ದರು. ನೆಹರೂ ಗಂಜ್‌ನ ಒಂದು ಅಡತ್ ಅಂಗಡಿ, ಬೆಳಿಗ್ಗೆ ಎಂಟರಿಂದ.

ಮುನೀಮರಿಗೆ ಅರವತ್ತರ ಹತ್ತಿರ ವಯಸ್ಸು. ಎಡಗೈಯಲ್ಲಿ ತೂಕದ ಚೀಟಿ, ಬಲಗೈ ಕೀಬೋರ್ಡಿನ ಅಂಕಿಗಳ ಮೇಲೆ. ತೂಕ ಹೊಡೆಯುವಾಗ ಕೀಬೋರ್ಡ್ ನೋಡುವುದೇ ಇಲ್ಲ, ಅಷ್ಟು ವೇಗ. ಆದರೆ ಒಂದು ಅಂಕಿ ಆದಮೇಲೆ ಮುಂದಿನ ಖಾನೆಗೆ ಹೋಗಬೇಕಾದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಟ್ಯಾಬ್ ಒತ್ತಬೇಕು. ಟ್ಯಾಬ್ ಇರುವುದು ಕೀಬೋರ್ಡಿನ ಎಡ ತುದಿಯಲ್ಲಿ. ಎಡಗೈಯಲ್ಲಿ ಚೀಟಿ ಇದೆ. ಅವರು ಚೀಟಿ ಕೆಳಗಿಟ್ಟು ಟ್ಯಾಬ್ ಒತ್ತಿ ಮತ್ತೆ ಚೀಟಿ ಎತ್ತಿಕೊಳ್ಳುತ್ತಿದ್ದರು. ಫ್ಯಾನ್ ಗಾಳಿಗೆ ಎರಡು ಸಲ ಚೀಟಿ ಹಾರಿತು. ಮೂರನೇ ರೈತರ ಮಾಲಿಗೆ ಅವರು ಕಂಪ್ಯೂಟರ್ ಬಿಟ್ಟು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ವಹಿಯಲ್ಲಿ ಬರೆಯಲು ಶುರು ಮಾಡಿದರು. ಹೊರಗೆ ಹಮಾಲರು ಚೀಲ ಹೊತ್ತು ನಿಂತಿರುತ್ತಾರೆ, ಅವರು ಕಾಯುವುದಿಲ್ಲ.

ಕೇಳಬಾರದು ಎಂದಿದ್ದಿರಿ, ಆದರೂ ತಡೆಯಲಾಗಲಿಲ್ಲ. "ಯಾಕ್ರಿ ಕಾಕಾ?" ಎಂದೆ. "ಚೀಟಿ ಕೆಳಗ ಇಡಬೇಕಾಗ್ತದರಿ. ರಾತ್ರಿ ಕುಂತು ಹಾಕ್ತೀನಿ" ಎಂದರು. ಎರಡು ವರ್ಷದಿಂದ ರಾತ್ರಿ ಒಂದೂವರೆ ತಾಸು ಕೂತು ಅದೇ ಲೆಕ್ಕ ಎರಡನೇ ಸಲ ಬರೆಯುತ್ತಿದ್ದಾರೆ.

ನಮ್ಮಲ್ಲಿ ಆ ಬಗ್ಗೆ ಟಿಕೆಟ್ ಇತ್ತಾ ಎಂದು ಹುಡುಕಿದೆ. ಇತ್ತು. "ಎಂಟ್ರಿ ನಿಧಾನ" ಎಂದು ಒಂದು ಸಾಲು. ಅದನ್ನು ನೋಡಿ ಒಬ್ಬ ಎಂಜಿನಿಯರ್ ಮೂರು ವಾರ ಕೂತು ಡೇಟಾಬೇಸ್ ವೇಗ ಹೆಚ್ಚಿಸಿದ್ದ. ಬೇಕಾಗಿದ್ದದ್ದು ಅಂಕಿಗಳ ಪಕ್ಕದ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುವುದು. ಒಂದು ದಿನದ ಕೆಲಸ. ಆ ಎಂಜಿನಿಯರ್ ಯಾರೆಂದರೆ, ಹೈದರಾಬಾದ್‌ಗೆ ಹೋದವನೇ.

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಸುಮ್ಮನಿದ್ದೆ. ಸಪೋರ್ಟ್‌ನವರು ನೋಟ್‌ಬುಕ್‌ನಲ್ಲಿ ನಾಲ್ಕು ಪುಟ ಬರೆದಿದ್ದರು. ನಾನು ನೋಡದ ಆರು ವಿಷಯ ಅದರಲ್ಲಿದ್ದವು. ಯಾರನ್ನು ಮಾಡಬೇಕು ಎಂಬ ಪ್ರಶ್ನೆ ನನಗೆ ಅಲ್ಲಿಗೇ ಮುಗಿಯಿತು.

ಈಗ ಉಳಿದ ಪ್ರಶ್ನೆ. ಜಾಸ್ತಿ ದುಡ್ಡು ಕೊಡುವ ದೊಡ್ಡ ಮಿಲ್‌ನವರು ತಮಗಾಗಿಯೇ ಒಂದು ರಿಪೋರ್ಟ್ ಕೇಳಿದರೆ ಏನು ಮಾಡಬೇಕು? ಇಲ್ಲ ಎಂದರೆ ಬಿಟ್ಟುಹೋಗುತ್ತಾರೆ ಎಂಬ ಭಯ ಇದ್ದೇ ಇದೆ.

ಬೀದರ್‌ಬಿದ್ರಿ · ಡಿಸೆಂಬರ್ 9

ಆ ಎಂಟರ್ ಕೀ ಕೆಲಸ ನಾಳೆಯೇ ಮಾಡಿಸಿ. ನಿಮ್ಮ ಹೊಸ ಪ್ರಾಡಕ್ಟ್ ಮ್ಯಾನೇಜರ್ ಹೆಸರಿನಲ್ಲಿ ಹೊರಗೆ ಹೋಗಲಿ. ಮುನೀಮರಿಗೆ ಅವರೇ ಹೋಗಿ ತೋರಿಸಲಿ.

ದೊಡ್ಡ ಗ್ರಾಹಕರ ಬಗ್ಗೆ ನಾನು ಪಾಲಿಸುವ ಕಟ್ಟಳೆ ಇದು. ಮೂರು ಜನ ಬೇರೆ ಬೇರೆ ಕಡೆಯಿಂದ ಅದನ್ನೇ ಕೇಳಿದರೆ ಅದು ಎಲ್ಲರ ಸಾಫ್ಟ್‌ವೇರ್‌ಗೆ ಸೇರುತ್ತದೆ. ಒಬ್ಬರೇ ಕೇಳಿದರೆ ಅದು ಬೇರೆ ಕೆಲಸ, ಬೇರೆ ಬಿಲ್, ಕೈ ಖಾಲಿಯಾದಾಗ. ಒಬ್ಬೊಬ್ಬ ಗ್ರಾಹಕರಿಗೂ ಬೇರೆ ಬೇರೆ ಕೋಡ್ ಬರೆದುಕೊಂಡು ಹೋದರೆ ನಿಮ್ಮದು ಹೊಲಿದುಕೊಡುವ ಅಂಗಡಿ ಆಗುತ್ತದೆ. ಆ ವ್ಯಾಪಾರವೂ ಒಳ್ಳೆಯದೇ. ಆದರೆ ಅದಕ್ಕೆ ಜನ, ಬೆಲೆ, ಲೆಕ್ಕ ಎಲ್ಲ ಬೇರೆ. ಎರಡನ್ನೂ ಒಂದೇ ತಂಡದಿಂದ ಎಳೆಸಿದರೆ ಎರಡೂ ಕೆಡುತ್ತವೆ.

ಮಾಡುವುದಿಲ್ಲ ಎಂದು ಹೇಳುವ ಮುಂಚೆ ಅವರ ಹತ್ತಿರ ಹೋಗಿ ಕೂತು, ಆ ರಿಪೋರ್ಟ್ ಸಿಕ್ಕರೆ ಬೆಳಿಗ್ಗೆ ಎದ್ದು ಅದರಲ್ಲಿ ಏನು ನೋಡುತ್ತೀರಿ ಎಂದು ಕೇಳಿ.

ಗಂಜ್‌ಲೆಕ್ಕ · ಜನವರಿ 11

ಒಂದು ತಿಂಗಳಾಯಿತು. ಆದದ್ದನ್ನು ಹೇಳುತ್ತೇನೆ.

ಸಪೋರ್ಟ್‌ನವರನ್ನೇ ಪ್ರಾಡಕ್ಟ್ ಮ್ಯಾನೇಜರ್ ಮಾಡಿದೆವು. ಸಂಬಳವನ್ನು ಹಿರಿಯ ಎಂಜಿನಿಯರ್ ಮಟ್ಟಕ್ಕೆ ತಂದೆವು. ನಾವಿಬ್ಬರೂ ಸೇರಿ ಒಂದು ನೋಟ್ ಬರೆದು ಆಫೀಸಿನಲ್ಲಿ ಎಲ್ಲರ ಮುಂದೆ ಓದಿದೆವು.

ಮೊದಲ ಪರೀಕ್ಷೆ ಎಂಟನೇ ದಿನಕ್ಕೇ ಬಂತು. ನಮ್ಮ ಅತಿ ದೊಡ್ಡ ಮಿಲ್‌ನವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಹದಿನಾಲ್ಕು ಕಾಲಂ ಇರುವ ಉದ್ರಿ ರಿಪೋರ್ಟ್ ಕೇಳಿದರು. "ಆಯ್ತು ಮಾಡಿಸ್ತೀನಿ" ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ನಾಳೆ ನಮ್ಮವರು ನಿಮ್ಮ ಹತ್ತಿರ ಬರುತ್ತಾರೆ" ಎಂದೆ. ಅವರಿಗೆ ಅಷ್ಟು ಸರಿಬರಲಿಲ್ಲ. ನಮ್ಮ ಹೊಸ ಪ್ರಾಡಕ್ಟ್ ಮ್ಯಾನೇಜರ್ ಹೋಗಿ ಕೂತರು. ಬೆಳಿಗ್ಗೆ ಚಹಾ ಕುಡಿಯುವಾಗ ಎರಡು ತಿಂಗಳು ದಾಟಿದ ಉದ್ರಿ ಯಾರ್ಯಾರದು ಎಂದು ಗೊತ್ತಾದರೆ ಸಾಕು, ಅವತ್ತೇ ಅವರಿಗೆ ಫೋನ್ ಹಚ್ಚುತ್ತೇನೆ ಎಂದು ಮಿಲ್‌ನವರು ಹೇಳಿದರಂತೆ. ಹದಿನಾಲ್ಕು ಕಾಲಂ ಅವರ ಲೆಕ್ಕಿಗರು ಬರೆದುಕೊಟ್ಟ ಪಟ್ಟಿ. ಈಗ ದಿನಾ ಬೆಳಿಗ್ಗೆ ಏಳಕ್ಕೆ ಅವರ ವಾಟ್ಸ್ಯಾಪ್‌ಗೆ ಹೆಸರು ಮತ್ತು ಮೊತ್ತ ಹೋಗುತ್ತದೆ. ಮೂರು ವಾರ ಆಗಬಹುದಾದ ಕೆಲಸ ಎರಡು ದಿನದಲ್ಲಿ ಆಯಿತು. ಇನ್ನೂ ನಾಲ್ಕು ಜನ ನಮಗೂ ಬೇಕು ಎಂದಿದ್ದಾರೆ.

ಎಲ್ಲ ಸಲೀಸಾಗಿಲ್ಲ. ನನ್ನ ಪಾಲುದಾರರು ಎರಡು ಸಲ ಡೆವಲಪರ್‌ಗಳಿಗೆ ನೇರವಾಗಿ ಕೆಲಸ ಹೇಳಿದರು. ಎರಡನೇ ಸಲ ಒಬ್ಬ ಹುಡುಗಿ "ಸರ್, ಅವರನ್ನು ಕೇಳಿ ಮಾಡುತ್ತೇನೆ" ಎಂದಳು. ರಾಜಾಪುರಕೋಡರ್ ಅವರೇ, ನಿಮ್ಮ ಮಾತನ್ನು ನಾನೇ ಅವರಿಗೆಲ್ಲ ಓದಿ ಹೇಳಿದ್ದೆ. ಎರಡು ತಿಂಗಳಿಂದ ಕಟ್ಟುತ್ತಿದ್ದ ಒಂದು ಕೆಲಸವನ್ನು ಹೊಸ ಪ್ರಾಡಕ್ಟ್ ಮ್ಯಾನೇಜರ್ ನಿಲ್ಲಿಸಿದರು. ಅದರ ಮೇಲೆ ಕೂತಿದ್ದ ಇಬ್ಬರು ಹುಡುಗರಿಗೆ ತುಂಬಾ ನೋವಾಯಿತು. ಶುರು ಮಾಡಿಸಿದ್ದು ನಾನು. ಹಾಗಾಗಿ ಅವರ ಜೊತೆ ಕೂತು, ತಪ್ಪು ನನ್ನದು, ನಿಮ್ಮ ಕೆಲಸ ಚೆನ್ನಾಗಿತ್ತು ಎಂದು ಹೇಳಬೇಕಾಗಿದ್ದೂ ನಾನೇ. ಈಗ ಅವರಿಬ್ಬರೂ ಮುಂದಿನ ವಾರ ಗಂಜ್‌ಗೆ ಬರುತ್ತಿದ್ದಾರೆ.

ಮುನೀಮರ ಪೆನ್ಸಿಲ್ ಕಿವಿಯ ಮೇಲೆ ಇನ್ನೂ ಇದೆ. ಆದರೆ ವಹಿ ತೆರೆಯುತ್ತಿಲ್ಲ. ರಾತ್ರಿ ಎಂಟಕ್ಕೆ ಮನೆಗೆ ಹೋಗುತ್ತಾರಂತೆ.

ಯಾದಗಿರಿಹುಡುಗಿ · ಜನವರಿ 11

ಆ ನೋಟ್ ಇಲ್ಲಿ ಹಾಕುತ್ತೀರಾ? ನಮ್ಮ ಸರ್‌ಗೆ ತೋರಿಸಬೇಕು.

ಗಂಜ್‌ಲೆಕ್ಕ · ಜನವರಿ 12

ಖಂಡಿತ. ಹೆಸರು ತೆಗೆದಿದ್ದೇನೆ, ಉಳಿದದ್ದೆಲ್ಲ ಇದ್ದ ಹಾಗೇ ಇದೆ.

"ಸೋಮವಾರದಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡ ಎಂಬುದನ್ನು ಇವರು ತೀರ್ಮಾನಿಸುತ್ತಾರೆ. ನಾವಿಬ್ಬರೂ ನಮಗನಿಸಿದ್ದನ್ನು ಹೇಳುತ್ತೇವೆ, ತೀರ್ಮಾನ ಅವರದು. ಗ್ರಾಹಕರಿಗೆ ನಾವು ತಾರೀಖು ಕೊಡುವುದಿಲ್ಲ. ಡೆವಲಪರ್‌ಗಳಿಗೆ ನೇರವಾಗಿ ಕೆಲಸ ಹೇಳುವುದಿಲ್ಲ. ಮರೆತು ಹೇಳಿದರೆ ಮಾಡಬೇಡಿ, ಇವರಿಗೆ ತಿಳಿಸಿ. ಸಾಫ್ಟ್‌ವೇರ್‌ಗೆ ಬೆಲೆ ಎಷ್ಟು, ಹೊಸದಾಗಿ ಯಾವ ಊರಿಗೆ ಹೋಗಬೇಕು ಎಂಬುದು ನಮ್ಮಿಬ್ಬರ ಹತ್ತಿರ ಇರುತ್ತದೆ. ಇವರು ತಿಂಗಳಿಗೆ ನಾಲ್ಕು ದಿನ ಗಂಜ್‌ನಲ್ಲಿ ಅಥವಾ ಮಿಲ್‌ನಲ್ಲಿ ಇರುತ್ತಾರೆ. ಆ ದಿನ ಆಫೀಸಿನಿಂದ ಯಾರೂ ಇವರಿಗೆ ಫೋನ್ ಮಾಡಬಾರದು. ಆರು ತಿಂಗಳು ಇದರಲ್ಲಿ ಏನನ್ನೂ ಬದಲಾಯಿಸುವುದಿಲ್ಲ."

ಕೆಳಗೆ ನಮ್ಮಿಬ್ಬರ ಸಹಿ ಇದೆ.